ಮಾಯದ ಗಾಯಕ್ಕೆ ಪರೀಕ್ಷೆ: ಹೃದಯಾಘಾತದ ನಂತರದ ಮೊದಲ ವಾರದ ಚರಿತ್ರೆ

2016ರ ದೀಪಾವಳಿಗೆ ನನ್ನ ಅಕ್ಕ ಮತ್ತು ಭಾವ ತಿಪಟೂರಿನಿಂದ ಬಂದು ಕ್ಲಾರ್ಕ್ಸ್‌ಬರ್ಗಿನ ನಮ್ಮ ಮನೆಯಲ್ಲಿದ್ದರು. ಹಬ್ಬದ ಶನಿವಾರ ರಾತ್ರಿ ಭಾವನಿಗೆ ಎದೆ ಉರಿಯಿತು. ಹೋಳಿಗೆ ಹೆಚ್ಚಾಯಿತು, ಗ್ಯಾಸ್ ಇರಬೇಕು ಎಂದು ಜೀರಿಗೆ ನೀರು ಕುಡಿದು ಮಲಗಿದರು. ಭಾನುವಾರವೂ ಅದೇ ಕಥೆ. ಸೋಮವಾರ ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಬೆವತು ಕುಳಿತರು. ಆಸ್ಪತ್ರೆಗೆ ಹೋದಾಗ ತಿಳಿದದ್ದು, ಎರಡು ದಿನದ ಹಿಂದೆಯೇ ಹೃದಯಾಘಾತ ಆಗಿಹೋಗಿದೆ ಎಂದು.

ಭಾವನಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಮೂತ್ರಪಿಂಡಗಳು ದುರ್ಬಲ. ಆಂಜಿಯೋಗ್ರಾಂಗೆ ಬಳಸುವ ದ್ರಾವಣ ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸಬಹುದು. ನೋವು ನಿಂತಿತ್ತು, ರಕ್ತದೊತ್ತಡ ಸರಿಯಿತ್ತು. ಆದ್ದರಿಂದ ವೈದ್ಯರು ಬುಧವಾರ ಇನ್ನೊಂದು ದಾರಿ ಸೂಚಿಸಿದರು: ಔಷಧದಿಂದ ಹೃದಯದ ರಕ್ತನಾಳಗಳನ್ನು ಹಿಗ್ಗಿಸಿ, ವಿಕಿರಣ ಸೂಸುವ ಪದಾರ್ಥವೊಂದನ್ನು ರಕ್ತಕ್ಕೆ ಬಿಟ್ಟು ಚಿತ್ರ ತೆಗೆಯುವ ನ್ಯೂಕ್ಲಿಯರ್ ಸ್ಟ್ರೆಸ್ ಟೆಸ್ಟ್. ನಾಳೆಯೇ ಮಾಡೋಣ ಎಂದರು.

ಅಕ್ಕ ನನ್ನನ್ನು ಕಾರಿಡಾರಿಗೆ ಎಳೆದುಕೊಂಡು ಹೋದಳು. "ಮೊನ್ನೆ ಒಡೆದ ಹೃದಯವನ್ನು ನಾಳೆ ಪರೀಕ್ಷೆಗೆ ಕೂರಿಸ್ತಾರಂತೆ. ಅಪ್ಪನ್ನ ಎಷ್ಟು ದಿನ ಮಲಗಿಸಿದ್ದರು, ಮರೆತೆಯೇನೋ?"

ಮರೆತಿರಲಿಲ್ಲ. 1974ರಲ್ಲಿ, ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪನಿಗೆ 48ನೆಯ ವಯಸ್ಸಿನಲ್ಲಿ ಹೃದಯಾಘಾತವಾಯಿತು. ಊರಿನ ವೈದ್ಯರು ಆರು ವಾರ ಹಾಸಿಗೆ ಬಿಟ್ಟು ಏಳಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಮೊದಲ ಎರಡು ವಾರ ಅಮ್ಮನೇ ತುತ್ತು ಕೊಟ್ಟಳು. ಗಡ್ಡ ಹೆರೆಯಲು ಕ್ಷೌರಿಕ ಮನೆಗೇ ಬರುತ್ತಿದ್ದ. ನಾವು ಮಕ್ಕಳು ಜೋರಾಗಿ ಮಾತಾಡುವಂತಿರಲಿಲ್ಲ. ಆರು ವಾರದ ನಂತರ ಎದ್ದ ಅಪ್ಪನ ಕಾಲುಗಳು ಕೋಲಿನಂತಾಗಿದ್ದವು. ಆಮೇಲೆ ಅವರು ಹತ್ತೊಂಬತ್ತು ವರ್ಷ ಬದುಕಿದರು. ಆದರೆ ಮಂಡಿಗೆ ಮತ್ತೆ ಹೋಗಲಿಲ್ಲ, ಮಾಳಿಗೆಯ ಮೆಟ್ಟಿಲು ಹತ್ತಲಿಲ್ಲ. ಅಕ್ಕನ ಓದು ಎಸ್ಸೆಸ್ಸೆಲ್ಸಿಗೇ ನಿಂತದ್ದು ಆ ವರ್ಷ.

ನಾನು ವೈದ್ಯನಲ್ಲ. ಹೈವೇ 270ರ ಪಕ್ಕದಲ್ಲಿದ್ದ ಕಾಮ್‌ಸ್ಯಾಟ್ ಕಟ್ಟಡದಲ್ಲಿ ಉಪಗ್ರಹಗಳ ಬಿಡಿಭಾಗಗಳನ್ನು ಪರೀಕ್ಷಿಸುತ್ತ ಕೆಲಸ ಆರಂಭಿಸಿದವನು. ಪರೀಕ್ಷೆಯೇ ವಸ್ತುವನ್ನು ಮುರಿಯಬಾರದು, ಆದರೆ ಮುರಿಯುವಂಥದ್ದನ್ನು ತೋರಿಸಲೇಬೇಕು ಎಂಬ ಪೇಚು ನನಗೆ ಹಳೆಯದು. ಅಂದು ರಾತ್ರಿ ಅಕ್ಕನಿಗೆ ಉತ್ತರ ಹೇಳಬೇಕೆಂದು ಓದತೊಡಗಿದವನು ಆಮೇಲೂ ಓದುವುದನ್ನು ಬಿಡಲಿಲ್ಲ. ಈ ಲೇಖನ ಆ ಓದಿನ ಫಲ.

ಮೊದಲ ಪ್ರಶ್ನೆ: ಅಪ್ಪನ ಆರು ವಾರ ಎಲ್ಲಿಂದ ಬಂತು?

1912ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್, ಹೃದಯದ ರಕ್ತನಾಳ ಹಠಾತ್ತನೆ ಕಟ್ಟಿಕೊಂಡರೂ ರೋಗಿ ಬದುಕಿ ಉಳಿಯಬಹುದು ಎಂದು ಬರೆದರು. ಅದಕ್ಕೆ ಮೊದಲು ಇದು ಶವಪರೀಕ್ಷೆಯ ಮೇಜಿನ ಮೇಲಷ್ಟೇ ಗೊತ್ತಾಗುವ ಕಾಯಿಲೆ ಎಂದೇ ಬಹುತೇಕ ವೈದ್ಯರ ಎಣಿಕೆ. ಬದುಕಿರುವವರನ್ನು ಏನು ಮಾಡಬೇಕು ಎಂಬುದಕ್ಕೆ ಹೆರಿಕ್ ಕೊಟ್ಟ ಸಲಹೆ ಕೆಲವು ದಿನಗಳ ಸಂಪೂರ್ಣ ವಿಶ್ರಾಂತಿ. ಆ ಕೆಲವು ದಿನ ವಾರಗಳಾಗಿ ಬೆಳೆದದ್ದಕ್ಕೆ ಮುಖ್ಯ ಆಧಾರ 1939ರ ಒಂದು ಅಧ್ಯಯನ. ಬಾಸ್ಟನ್ನಿನ ಮ್ಯಾಲರಿ, ಪಾಲ್ ಡಡ್ಲಿ ವೈಟ್ ಮತ್ತು ಸಾಲ್ಸೆಡೊ-ಸಾಲ್ಗಾರ್ ಅವರು ಹೃದಯಾಘಾತದಿಂದ ಗಾಯಗೊಂಡ 72 ಹೃದಯಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಸತ್ತ ಸ್ನಾಯು ಮೊದಲ ದಿನಗಳಲ್ಲಿ ಮೆದುವಾಗಿರುತ್ತದೆ, ನಿಧಾನವಾಗಿ ಗಟ್ಟಿ ಕಲೆಯಾಗುತ್ತದೆ. ಸಣ್ಣ ಗಾಯ ಮಾಯಲು ಸುಮಾರು ಐದು ವಾರ, ದೊಡ್ಡದಕ್ಕೆ ಎರಡು ತಿಂಗಳು. ಕೆಲಸ ಅಚ್ಚುಕಟ್ಟಾದದ್ದು. ಆದರೆ ಅದು ಸತ್ತವರ ಹೃದಯಗಳ ಲೆಕ್ಕ. ಗಾಯ ಮಾಯುವವರೆಗೆ ಅಲುಗಾಡದೆ ಮಲಗಿದವರು, ಎದ್ದು ಕುಳಿತವರಿಗಿಂತ ಹೆಚ್ಚು ಕಾಲ ಬದುಕುತ್ತಾರೆಯೇ ಎಂದು ಬದುಕಿದ್ದವರಲ್ಲಿ ಹೋಲಿಸಿ ನೋಡಿದ ಅಧ್ಯಯನ ಅದಲ್ಲ. ಮುರಿದ ಕಾಲಿಗೆ ಕಟ್ಟು ಹಾಕುವ ತರ್ಕವನ್ನು ಹೃದಯಕ್ಕೂ ಹಚ್ಚಿದರು. ಕಾಲನ್ನು ಕಟ್ಟಿ ನಿಲ್ಲಿಸಬಹುದು. ಮಲಗಿದವನ ಹೃದಯವೂ ದಿನಕ್ಕೆ ಲಕ್ಷ ಸಲ ಬಡಿಯುತ್ತದೆ.

ಅಕ್ಕನ ಭಯ ಬುಡವಿಲ್ಲದ್ದು ಎಂದು ಇದರಿಂದ ಹೇಳಲಾಗದು. ಹೃದಯಾಘಾತದ ನಂತರ ಹೃದಯದ ಗೋಡೆಯೇ ಹರಿಯುವ ದುರಂತ ಅಪರೂಪಕ್ಕೆ ನಡೆಯುತ್ತದೆ, ಹೆಚ್ಚಾಗಿ ಮೊದಲ ವಾರದಲ್ಲೇ. ಆರು ವಾರದ ಹಾಸಿಗೆ ಆ ಭಯಕ್ಕೆ ಕೊಟ್ಟ ಉತ್ತರ. ಅದರ ಬೆಲೆ ಮಾತ್ರ ಯಾರ ಲೆಕ್ಕದಲ್ಲೂ ಬರಲಿಲ್ಲ: ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರುವ ರಕ್ತ, ಕರಗಿದ ಸ್ನಾಯು, ಕುಗ್ಗಿದ ಮನಸ್ಸು.

ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರು ಬಾಸ್ಟನ್ನಿನವರೇ. ಪೀಟರ್ ಬೆಂಟ್ ಬ್ರಿಗಂ ಆಸ್ಪತ್ರೆಯ ಸ್ಯಾಮ್ಯುಯಲ್ ಲೆವೀನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಬರ್ನಾರ್ಡ್ ಲೌನ್ 81 ರೋಗಿಗಳನ್ನು ಮೊದಲ ದಿನಗಳಿಂದಲೇ ಕೈಯಿರುವ ಕುರ್ಚಿಯಲ್ಲಿ ಕೂರಿಸಿದರು; 1952ರಲ್ಲಿ ಅದನ್ನು ಪ್ರಕಟಿಸಿದರು. ಬರೀ ಕುರ್ಚಿ. ನಡಿಗೆಯೂ ಇಲ್ಲ. ಆದರೂ ವಾರ್ಡಿನಲ್ಲಿ ದೊಡ್ಡ ರಂಪವೇ ಆಯಿತು. ಕಿರಿಯ ವೈದ್ಯರು ತನ್ನನ್ನು ಕಂಡರೆ ನಾಜಿ ವಂದನೆ ಮಾಡಿ ಅಣಕಿಸುತ್ತಿದ್ದರು ಎಂದು ಲೌನ್ ಮುಂದೆ ನೆನಪಿಸಿಕೊಂಡಿದ್ದಾರೆ. ಹಿಟ್ಲರನ ಕಾಲದಲ್ಲಿ ಲಿಥುವೇನಿಯಾದಿಂದ ಬಂದ ಯಹೂದಿ ಕುಟುಂಬದವನಿಗೆ ಆ ವಂದನೆ! ಇದೇ ಲೌನ್ ಮುಂದೆ ಡಿಸಿ ಡಿಫಿಬ್ರಿಲೇಟರನ್ನು ರೂಪಿಸಿದರು. ಅಣ್ವಸ್ತ್ರಗಳ ವಿರುದ್ಧ ಅವರು ಕಟ್ಟಿದ ವೈದ್ಯರ ಸಂಸ್ಥೆಗೆ 1985ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಕುರ್ಚಿಗೆ ದೊಡ್ಡ ಪ್ರಚಾರ ಸಿಕ್ಕಿದ್ದು ಅಧ್ಯಕ್ಷರೊಬ್ಬರಿಂದ. 1955ರ ಸೆಪ್ಟೆಂಬರ್ 24ರ ನಸುಕಿನಲ್ಲಿ ಡೆನ್ವರಿನ ಮಾವನ ಮನೆಯಲ್ಲಿದ್ದ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ಪತ್ರಕರ್ತರಿಗೆ ಮೊದಲು ಹೇಳಿದ್ದು ಅಜೀರ್ಣ ಎಂದು. ನಮ್ಮ ಭಾವನ ಹೋಳಿಗೆಯ ಗ್ಯಾಸಿಗೆ ಒಳ್ಳೆಯ ಪೂರ್ವಜರಿದ್ದಾರೆ. ಅವರನ್ನು ನೋಡಲು ಬಂದ ತಜ್ಞರು ಅದೇ ಪಾಲ್ ಡಡ್ಲಿ ವೈಟ್, 72 ಹೃದಯಗಳ ಅಧ್ಯಯನದವರು. ಆದರೆ ವೈಟ್ ಅಷ್ಟು ಹೊತ್ತಿಗೆ ಬದಲಾಗಿದ್ದರು. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿದರು, ಮೆಲ್ಲನೆ ನಡೆಸಿದರು, ಮತ್ತೆ ಕೆಲಸಕ್ಕೆ ಮರಳಬಹುದು ಎಂದು ಜಗತ್ತಿಗೇ ಹೇಳಿದರು. ಹಾಗಿದ್ದೂ ಆಸ್ಪತ್ರೆಯಲ್ಲಿ ಕಳೆದದ್ದು ಏಳು ವಾರ. ನವೆಂಬರ್ 11ಕ್ಕೆ ಬಿಡುಗಡೆ. ಉಳಿದ ಚೇತರಿಕೆ ಗೆಟ್ಟಿಸ್‌ಬರ್ಗಿನ ತೋಟದ ಮನೆಯಲ್ಲಿ. ಕ್ಲಾರ್ಕ್ಸ್‌ಬರ್ಗಿನಿಂದ ಆ ತೋಟಕ್ಕೆ ಸುಮಾರು ಒಂದು ಗಂಟೆಯ ದಾರಿ. ಊರಿನಿಂದ ಬಂದ ನೆಂಟರನ್ನೆಲ್ಲ ನಾವು ಕರೆದೊಯ್ಯುವ ಜಾಗ. ಮರುವರ್ಷ ಅವರು ಮತ್ತೆ ಚುನಾವಣೆಗೆ ನಿಂತು ಗೆದ್ದರು. ಅದಾಗಿ ಹದಿನೆಂಟು ವರ್ಷದ ಮೇಲೂ ತಿಪಟೂರಿನಲ್ಲಿ ಅಪ್ಪ ಕೈಯೆತ್ತಿ ತುತ್ತು ತಿನ್ನುವಂತಿರಲಿಲ್ಲ.

ಮುಂದಿನ ಎರಡು ಹೆಜ್ಜೆಗಳು ನಮ್ಮ ಸ್ನೇಹಿತರು, ಬಂಧುಗಳು ನೆಲೆಸಿರುವ ಊರುಗಳಲ್ಲೇ ನಡೆದವು. ಅಟ್ಲಾಂಟಾದ ಗ್ರೇಡಿ ಮೆಮೋರಿಯಲ್ ಆಸ್ಪತ್ರೆಯಲ್ಲಿ ನ್ಯಾನೆಟ್ ವೆಂಗರ್ ಮತ್ತು ಸಂಗಡಿಗರು ರೋಗಿಯನ್ನು ಹಂತಹಂತವಾಗಿ ಎಬ್ಬಿಸುವ ಹದಿನಾಲ್ಕು ಮೆಟ್ಟಿಲಿನ ಕ್ರಮವೊಂದನ್ನು ರೂಪಿಸಿದರು. ನಾರ್ತ್ ಕ್ಯಾರೊಲಿನಾದ ಡರಂ ಊರಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೊಸಾಟಿ, ವ್ಯಾಗ್ನರ್, ಮ್ಯಾಕ್‌ನೀರ್ ಮೊದಲಾದವರು ಕಂಪ್ಯೂಟರಿನಲ್ಲಿ ಕೂಡಿಟ್ಟ ರೋಗಿಗಳ ದಾಖಲೆ ತೆಗೆದು 1975ರಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು: ಆಸ್ಪತ್ರೆಯಲ್ಲಿ ಮುಂದೆ ತೊಂದರೆಗೆ ಒಳಗಾಗುವವರು ಯಾರು? ಮೊದಲ ನಾಲ್ಕು ದಿನಗಳಲ್ಲಿ ಯಾವ ಗಂಭೀರ ತೊಡಕೂ ಕಾಣದವರಿಗೆ ಆಮೇಲೆ ಆಸ್ಪತ್ರೆಯಲ್ಲಿ ಗಂಭೀರ ತೊಡಕು ಬರಲಿಲ್ಲ ಎಂದು ದಾಖಲೆ ಹೇಳಿತು. 1978ರಲ್ಲಿ ಅದೇ ತಂಡ, ಅಂಥವರನ್ನು ಒಂದು ವಾರಕ್ಕೇ ಮನೆಗೆ ಕಳಿಸಿದ ಅನುಭವವನ್ನು ಪ್ರಕಟಿಸಿತು.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ತಿರುವು ಡರಂನದ್ದು. ಹೃದಯಾಘಾತ ಎಂಬ ಒಂದೇ ಹೆಸರಿನಡಿ ಎರಡು ಬಗೆಯ ಜನರಿದ್ದಾರೆ, ನಾಲ್ಕು ದಿನ ಕಾದು ಸರಿಯಾದ ಪ್ರಶ್ನೆ ಕೇಳಿದರೆ ಅವರನ್ನು ಬೇರ್ಪಡಿಸಬಹುದು ಎಂದು ಅಲ್ಲಿ ಅಂಕಿಗಳಲ್ಲಿ ತೋರಿತು. ಬೇಗನೆ ಪರೀಕ್ಷೆ ಮಾಡುವ ಧೈರ್ಯ ಬಂದದ್ದು ಇದರ ನಂತರ.

ಪರೀಕ್ಷೆ ಏಕೆ ಬೇಕು? ಏಳು ವಾರ ಆಸ್ಪತ್ರೆಯಲ್ಲಿಟ್ಟರೆ ಮರುಕಳಿಸುವ ಆಘಾತ ವೈದ್ಯರ ಕಣ್ಣೆದುರೇ ಆಗುತ್ತದೆ. ವಾರಕ್ಕೇ ಮನೆಗೆ ಕಳಿಸುವುದಾದರೆ, ಯಾರ ಹೃದಯದಲ್ಲಿ ಇನ್ನೊಂದು ನಾಳ ಕಟ್ಟಿಕೊಳ್ಳಲು ಕಾದಿದೆ ಎಂದು ಕಳಿಸುವ ಮೊದಲೇ ತಿಳಿಯಬೇಕು. ಶ್ರಮ ಕೊಟ್ಟು ಇಸಿಜಿ ನೋಡುವ ವಿದ್ಯೆ ಹೊಸದೇನಲ್ಲ. ನ್ಯೂಯಾರ್ಕಿನ ಆರ್ಥರ್ ಮಾಸ್ಟರ್ ಎರಡು ಮೆಟ್ಟಿಲಿನ ಪರೀಕ್ಷೆ ಮಾಡುತ್ತಿದ್ದರು. ಸಿಯಾಟಲ್‌ನ ರಾಬರ್ಟ್ ಬ್ರೂಸ್ ಹೆಸರಿನ ಟ್ರೆಡ್‌ಮಿಲ್ ಕ್ರಮ ಇಂದು ಬೆಂಗಳೂರಿನ ಬಡಾವಣೆಯ ಲ್ಯಾಬುಗಳಲ್ಲೂ 'ಟಿಎಂಟಿ' ಆಗಿ ನಡೆಯುತ್ತದೆ. ಹೊಸದಾಗಿದ್ದದ್ದು ಅದನ್ನು ಹಸಿ ಗಾಯದ ಹೃದಯಕ್ಕೆ ಮಾಡುವುದು.

1979ರಲ್ಲಿ ಮಾಂಟ್ರಿಯಲ್ ಹಾರ್ಟ್ ಇನ್‌ಸ್ಟಿಟ್ಯೂಟಿನ ಪಿಯೆರ್ ಟೆರೂ ಮತ್ತು ಸಂಗಡಿಗರು 210 ರೋಗಿಗಳನ್ನು ಬಿಡುಗಡೆಯ ಹಿಂದಿನ ದಿನ, ಸರಾಸರಿ 11ನೆಯ ದಿನ, ಟ್ರೆಡ್‌ಮಿಲ್ ಮೇಲೆ ನಡೆಸಿದ ಫಲಿತಾಂಶ ಪ್ರಕಟಿಸಿದರು. ಪೂರ್ತಿ ಓಟವಲ್ಲ, ಮಿತಿಯೊಳಗಿನ ನಡಿಗೆ. ಇಸಿಜಿಯಲ್ಲಿ ರಕ್ತದ ಕೊರತೆಯ ಗುರುತು ಕಾಣದ 146 ಜನರಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರು 3. ಕಂಡ 64 ಜನರಲ್ಲಿ 17. ನೂರಕ್ಕೆ 2.1 ಎಲ್ಲಿ, 27 ಎಲ್ಲಿ! ಕೆಲವು ನಿಮಿಷದ ನಡಿಗೆ ಒಂದು ವರ್ಷದ ಆಯುಸ್ಸನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿತೆಂದರೆ, ಪರೀಕ್ಷೆ ಮಾಡದಿರುವುದಕ್ಕೂ ಒಂದು ಅಪಾಯವಿದೆ ಎಂದಾಯಿತು. ಆ 64 ಜನ ಹಾಸಿಗೆಯಲ್ಲಿ ಮಲಗಿದ್ದರೂ ಆ 64 ಜನರೇ.

ಸುರಕ್ಷತೆಯ ದೊಡ್ಡ ಲೆಕ್ಕ ಹತ್ತು ವರ್ಷದ ನಂತರ, 1989ರಲ್ಲಿ ಬಂತು. ಹ್ಯಾಮ್ ಮತ್ತು ಸಂಗಡಿಗರು ನೂರಾರು ಆಸ್ಪತ್ರೆಗಳಿಂದ ಮಾಹಿತಿ ತರಿಸಿ, ಹೃದಯಾಘಾತವಾದ ನಾಲ್ಕು ವಾರದೊಳಗೆ ಮಾಡಿದ ಒಂದೂವರೆ ಲಕ್ಷಕ್ಕೂ ಹೆಚ್ಚು ವ್ಯಾಯಾಮ ಪರೀಕ್ಷೆಗಳನ್ನು ಎಣಿಸಿದರು. ಸಾವು ನೂರಕ್ಕೆ 0.03, ಬದುಕುಳಿದ ಆದರೆ ಗಂಭೀರವಾದ ಘಟನೆ 0.09. ಅಂದರೆ ಹತ್ತು ಸಾವಿರ ಪರೀಕ್ಷೆಗೆ ಮೂರು ಸಾವು. ರೋಗಿ ಇನ್ನಾಗದು ಎನ್ನುವವರೆಗೆ ನಡೆಸುವ ಪರೀಕ್ಷೆಯಲ್ಲಿ ಅಪಾಯ, ಮಿತಿ ಹಾಕಿದ ಪರೀಕ್ಷೆಗಿಂತ ಸುಮಾರು ಎರಡರಷ್ಟು.

ಅಂದು ರಾತ್ರಿ ಅಕ್ಕನಿಗೆ ನಾನು ಹೇಳಿದ್ದು ಇದೇ ಅಂಕಿ. ಹತ್ತು ಸಾವಿರಕ್ಕೆ ಮೂರು, ಭಯಪಡಬೇಡ ಎಂದೆ. ಅಂಕಿ ಸರಿ, ಓದಿದ ರೀತಿ ತಪ್ಪು. ಆ ಒಂದೂವರೆ ಲಕ್ಷ ಜನ ಹೃದಯಾಘಾತವಾದ ಎಲ್ಲರೂ ಅಲ್ಲ. ನಡೆಸಬಹುದು ಎಂದು ವೈದ್ಯರು ಮೊದಲೇ ಆರಿಸಿದವರು. ಮಾಂಟ್ರಿಯಲಿನ 210 ಜನರೂ ಹಾಗೆಯೇ: ಹೃದಯ ವೈಫಲ್ಯದ ಲಕ್ಷಣವಿಲ್ಲದವರು, ಕನಿಷ್ಠ ನಾಲ್ಕು ದಿನ ಎದೆನೋವಿಲ್ಲದವರು. ನಮ್ಮ ಲ್ಯಾಬಿನಲ್ಲಿ ಕಂಪನದ ಮೇಜಿಗೆ ಏರಿಸುವ ಮೊದಲೇ ಬಿರುಕು ಬಿಟ್ಟ ಭಾಗಗಳನ್ನು ತೆಗೆದಿಡುತ್ತಿದ್ದೆವು. ಮೇಜಿನ ಮೇಲೆ ಮುರಿದವು ಇಷ್ಟೇ ಎಂದು ಆಮೇಲೆ ಹೆಮ್ಮೆಪಟ್ಟರೆ ಆ ಹೆಮ್ಮೆಯ ಅರ್ಧ ಪಾಲು ಬಿರುಕು ಹುಡುಕಿದವನಿಗೆ ಸೇರಬೇಕು. ಇಷ್ಟು ಗೊತ್ತಿದ್ದೂ ಆ ರಾತ್ರಿ ನನಗೆ ಅದು ಹೊಳೆಯಲಿಲ್ಲ.

ಇನ್ನು ಚಿತ್ರದ ಮಾತು. ಇಸಿಜಿ ಕೊರತೆಯಿದೆ ಎನ್ನುತ್ತದೆ, ಎಲ್ಲಿ ಎಷ್ಟು ಎಂದು ಸರಿಯಾಗಿ ಹೇಳದು. 1970ರ ದಶಕದಲ್ಲಿ ಲಾಂಗ್ ಐಲೆಂಡಿನ ಬ್ರೂಕ್‌ಹೇವನ್ ಪ್ರಯೋಗಾಲಯದಿಂದ ಥಾಲಿಯಂ-201 ಬಂತು. ದೇಹ ಇದನ್ನು ಪೊಟ್ಯಾಸಿಯಂ ಎಂದೇ ತಿಳಿಯುತ್ತದೆ. ಜೀವವಿರುವ ಹೃದಯದ ಸ್ನಾಯು ರಕ್ತ ಬಂದಷ್ಟೂ ಹೀರಿಕೊಳ್ಳುತ್ತದೆ. ಶ್ರಮದಲ್ಲಿ ಒಂದು ಚಿತ್ರ, ವಿಶ್ರಾಂತಿಯಲ್ಲಿ ಇನ್ನೊಂದು. ಎರಡರಲ್ಲೂ ಖಾಲಿ ಕಂಡ ಜಾಗ ಸತ್ತ ಕಲೆ. ಮೊದಲನೆಯದರಲ್ಲಿ ಖಾಲಿ, ಎರಡನೆಯದರಲ್ಲಿ ತುಂಬಿದ ಜಾಗ, ಬದುಕಿದ್ದರೂ ರಕ್ತಕ್ಕೆ ಹಸಿದ ಸ್ನಾಯು. ಹೃದಯಾಘಾತವಾದವನಲ್ಲಿ ವೈದ್ಯ ಹುಡುಕುವುದು ಈ ಎರಡನೆಯದನ್ನು. ನಮ್ಮ ಸುತ್ತಮುತ್ತಲಿನ ಹೆಸರುಗಳು ಇಲ್ಲಿ ಸಾಲಾಗಿ ಬರುತ್ತವೆ: ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸ್ಟ್ರಾಸ್ ಮತ್ತು ಪಿಟ್; ಬೆಥೆಸ್ಡಾದ ಎನ್‌ಐಎಚ್‌ನಲ್ಲಿ 1977ರಲ್ಲಿ ವ್ಯಾಯಾಮದ ನಡುವೆಯೇ ಹೃದಯದ ಬಡಿತವನ್ನು ಚಲನಚಿತ್ರದಂತೆ ಸೆರೆಹಿಡಿದ ಬೋರರ್ ಮತ್ತು ಎಪ್‌ಸ್ಟೀನ್; ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ಗಿಬ್ಸನ್ ಮತ್ತು ಬೆಲ್ಲರ್. ಇವರಲ್ಲಿ ಕೊನೆಯವರು 1983ರಲ್ಲಿ, ತೊಡಕಿಲ್ಲದ ಹೃದಯಾಘಾತದ 140 ರೋಗಿಗಳಿಗೆ ಬಿಡುಗಡೆಯ ಮೊದಲು ಮಿತವಾದ ವ್ಯಾಯಾಮದ ಥಾಲಿಯಂ ಚಿತ್ರ ಮತ್ತು ಆಂಜಿಯೋಗ್ರಾಂ ಎರಡನ್ನೂ ಮಾಡಿ ಹೋಲಿಸಿದರು. ಅಪಾಯ ಕಡಿಮೆಯಿರುವವರನ್ನು ಗುರುತಿಸುವುದರಲ್ಲಿ ಚಿತ್ರವೇ ಮುಂದಿತ್ತು.

ಆದರೂ ವ್ಯಾಯಾಮಕ್ಕೆ ಸುಮಾರು ಒಂದು ವಾರವಾದರೂ ಕಾಯಬೇಕಿತ್ತು. ಕಾಯುವ ದಿನಗಳಲ್ಲೇ ಮರು ಆಘಾತ ಹೆಚ್ಚು. ಈ ಗಂಟನ್ನು ಬಿಡಿಸಿದ್ದು ಔಷಧ. ಡೈಪಿರಿಡಮೋಲ್ ಕೊಟ್ಟರೆ ಆರೋಗ್ಯವಂತ ನಾಳಗಳು ಹಿಗ್ಗಿ ರಕ್ತದ ಹರಿವು ಹಲವು ಪಟ್ಟು ಏರುತ್ತದೆ. ಕಿರಿದಾದ ನಾಳ ಹಿಗ್ಗಲಾರದು. ವ್ಯತ್ಯಾಸ ಚಿತ್ರದಲ್ಲಿ ಕಾಣುತ್ತದೆ. ಹೃದಯ ಓಡುವುದಿಲ್ಲ, ಬಡಿತ ತುಸು ಏರುತ್ತದೆ, ಒತ್ತಡ ತುಸು ಇಳಿಯುತ್ತದೆ, ಅಷ್ಟೇ. "ಔಷಧ ಕೊಟ್ಟು ಓಡಿಸ್ತಾರೆ" ಎಂದು ಅಕ್ಕ ತಿಳಿದಿದ್ದಳು. ನಾನೂ ಹಾಗೇ ತಿಳಿದಿದ್ದೆ. ಓಡಿಸುವ ಔಷಧ ಬೇರೆ ಇದೆ, ಡೊಬ್ಯುಟಮೈನ್. ಅದು ಬಡಿತವನ್ನೂ ಬಿಗಿತವನ್ನೂ ಏರಿಸುತ್ತದೆ, ಹಸಿ ಗಾಯದವರಲ್ಲಿ ಅದಕ್ಕೆ ಹೆಚ್ಚಿನ ಎಚ್ಚರ ಬೇಕು.

1984ರಲ್ಲಿ ಲೆಪ್ಪೊ ಮತ್ತು ಸಂಗಡಿಗರು 51 ರೋಗಿಗಳಲ್ಲಿ ಬಿಡುಗಡೆಗೆ ಮುನ್ನ ಈ ವಿಧಾನ ಬಳಸಿದರು. 1990ರಲ್ಲಿ ವರ್ಮಾಂಟಿನ ಕೆನೆತ್ ಬ್ರೌನ್ ಇನ್ನೂ ಮುಂದೆ ಹೋಗಿ, 50 ರೋಗಿಗಳಲ್ಲಿ ಒಂದರಿಂದ ನಾಲ್ಕನೆಯ ದಿನದೊಳಗೇ ಮಾಡಿದರು. 1997ರಲ್ಲಿ ಗ್ಯಾರಿ ಹೆಲ್ಲರ್, ಬ್ರೌನ್ ಮತ್ತಿತರರು ಹಲವು ಕೇಂದ್ರಗಳ ಅನುಭವ ಸೇರಿಸಿ, ಬೇಗನೆ ಮಾಡುವ ಈ ಚಿತ್ರ ಪರೀಕ್ಷೆಯ ಸುರಕ್ಷತೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. 1999ರಲ್ಲಿ 451 ರೋಗಿಗಳ ಅಧ್ಯಯನ ಬಂತು. ಎರಡರಿಂದ ನಾಲ್ಕನೆಯ ದಿನದ ಔಷಧ ಪರೀಕ್ಷೆ, ಆಮೇಲೆ ಮಾಡುವ ಮಿತ ವ್ಯಾಯಾಮದ ಪರೀಕ್ಷೆಗಿಂತ ಚೆನ್ನಾಗಿ ಮುಂದಿನ ಅಪಾಯ ಹೇಳಿತು. ಬುಧವಾರ ರಾತ್ರಿ ನನಗೆ ಇದು ಸಿಕ್ಕಾಗ, ಭಾವನಿಗೆ ಹೇಳಿದ ದಿನ ಯಾರೋ ಬಾಯಿಗೆ ಬಂದದ್ದು ಹೇಳಿದ್ದಲ್ಲ ಎಂದು ಗೊತ್ತಾಯಿತು. 1997ರ ಪ್ರಬಂಧದ ತಲೆಬರಹದಲ್ಲೇ ಇದ್ದ ಎರಡು ವಿಶೇಷಣಗಳನ್ನು ಮಾತ್ರ ನಿದ್ದೆಗಣ್ಣಿನಲ್ಲಿ ದಾಟಿ ಹೋದೆ: ಈ ಸುರಕ್ಷತೆ 'ತೊಡಕಿಲ್ಲದ', 'ಮೊದಲ' ಹೃದಯಾಘಾತದವರಿಗೆ.

ಡೈಪಿರಿಡಮೋಲ್ ಪರೀಕ್ಷೆಯ ಒಟ್ಟು ಲೆಕ್ಕವೂ ಇದೆ. ಲೆಟ್ ಮತ್ತು ಸಂಗಡಿಗರು 1995ರಲ್ಲಿ 73,806 ಜನರ ಮಾಹಿತಿ ಕೂಡಿಸಿದರು. ಹೃದಯದ ಕಾರಣದ ಸಾವು 7, ಸಾವಿಲ್ಲದ ಹೃದಯಾಘಾತ 13. ಇವರೆಲ್ಲ ಹೊಸದಾಗಿ ಆಘಾತವಾದವರಲ್ಲ, ಆದ್ದರಿಂದ ನಮ್ಮ ಪ್ರಶ್ನೆಗೆ ಇದು ಹತ್ತಿರದ ಉತ್ತರವಷ್ಟೆ. ಹೂಸ್ಟನ್ನಿನ ಮಹ್ಮಾರಿಯನ್ ನೇತೃತ್ವದ ಇನ್‌ಸ್ಪೈರ್ ಅಧ್ಯಯನ 2006ರಲ್ಲಿ ಸ್ಥಿರವಾಗಿದ್ದ 728 ರೋಗಿಗಳಿಗೆ ಹತ್ತು ದಿನದೊಳಗೆ ಅಡೆನೊಸಿನ್ ಕೊಟ್ಟು ಚಿತ್ರ ತೆಗೆದು ಮೂರು ಗುಂಪು ಮಾಡಿತು. ಒಂದು ವರ್ಷದಲ್ಲಿ ಸಾವು ಅಥವಾ ಮರು ಆಘಾತ ಕಡಿಮೆ ಅಪಾಯದ ಗುಂಪಿನಲ್ಲಿ ನೂರಕ್ಕೆ 1.8, ನಡುವಿನದರಲ್ಲಿ 9.2, ಹೆಚ್ಚಿನದರಲ್ಲಿ 11.6. ಸ್ಥಿರವಾಗಿದ್ದ ಎಂಬ ಪದವನ್ನು ಓದುಗರು ಗಮನಿಸಬೇಕು.

ಏಕೆಂದರೆ 2013ರ ನವೆಂಬರಿನಲ್ಲಿ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ಅದರ ಕೇಂದ್ರ ಕಚೇರಿ ಸಿಲ್ವರ್ ಸ್ಪ್ರಿಂಗಿನ ವೈಟ್ ಓಕ್‌ನಲ್ಲಿ, ಕ್ಲಾರ್ಕ್ಸ್‌ಬರ್ಗ್ ಇರುವ ಮಾಂಟ್ಗೊಮರಿ ಕೌಂಟಿಯಲ್ಲೇ. ಅಡೆನೊಸಿನ್, ಮತ್ತು 2008ರಲ್ಲಿ ಅನುಮತಿ ಪಡೆದ ಅದರ ತಮ್ಮನಂಥ ರೆಗಡೆನೊಸನ್ ಕೊಟ್ಟಾಗ ಅಪರೂಪಕ್ಕೆ ಹೃದಯಾಘಾತ ಮತ್ತು ಸಾವು ಆಗಿವೆ. ಹೃದಯಕ್ಕೆ ರಕ್ತದ ಕೊರತೆ ಆ ಹೊತ್ತಿನಲ್ಲೇ ನಡೆಯುತ್ತಿರುವ ಲಕ್ಷಣವಿರುವವರಿಗೆ, ಅಸ್ಥಿರ ಎದೆನೋವಿನವರಿಗೆ, ಇವನ್ನು ಕೊಡಬೇಡಿ. ಕೊಡುವ ಕಡೆ ಪ್ರಾಣ ಉಳಿಸುವ ಸಲಕರಣೆ ಮತ್ತು ತರಬೇತಾದವರು ಇರಲಿ. ಎಷ್ಟನೆಯ ದಿನ ಎಂಬುದು ಆ ಎಚ್ಚರಿಕೆಯ ತಿರುಳಲ್ಲ. ಈಗ ನೋವಿದೆಯೇ, ನಿನ್ನೆ ಇತ್ತೇ ಎಂಬುದು. ವ್ಯಾಯಾಮ ಪರೀಕ್ಷೆಯ ಮಾರ್ಗಸೂಚಿ ಮೊದಲ ಎರಡು ದಿನವನ್ನು ಪೂರ್ತಿ ನಿಷೇಧಿಸುತ್ತದೆ. ಅಲ್ಲಿಂದಾಚೆಗೆ ಅದೂ ಕೇಳುವುದು ಇದನ್ನೇ.

ಇಂದು ಅಮೆರಿಕದಲ್ಲಿ ಈ ಪರೀಕ್ಷೆಯ ಮಹತ್ವ ಇಳಿದಿದೆ. ಆಂಬುಲೆನ್ಸಿನಿಂದ ನೇರ ಕ್ಯಾಥ್ ಲ್ಯಾಬಿಗೆ ಒಯ್ದು ನಾಳ ತೆರೆದು ಸ್ಟೆಂಟ್ ಹಾಕಿದ ಮೇಲೆ ಹುಡುಕಲು ಉಳಿಯುವುದು ಕಡಿಮೆ. ಉಳಿದವರು ನಮ್ಮ ಭಾವನಂತೆ ತಡವಾಗಿ ಬಂದವರು, ದ್ರಾವಣ ತಡೆಯದವರು. ಊರಿನ ಕಡೆ ಅಂಥವರೇ ಹೆಚ್ಚು. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡೆನಿಸ್ ಜೇವಿಯರ್, ಪ್ರೇಮ್ ಪೈಸ್ ಮೊದಲಾದವರು 50 ನಗರಗಳ 89 ಆಸ್ಪತ್ರೆಗಳಲ್ಲಿ 20,468 ರೋಗಿಗಳನ್ನು ದಾಖಲಿಸಿ 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ಅಧ್ಯಯನದಲ್ಲಿ, ನಾಳ ಪೂರ್ತಿ ಕಟ್ಟಿಕೊಂಡ ಬಗೆಯವರು ಆಸ್ಪತ್ರೆ ತಲುಪಲು ತೆಗೆದುಕೊಂಡ ನಡುಮಧ್ಯದ ಹೊತ್ತು 300 ನಿಮಿಷ; ಅವರಲ್ಲಿ ಆಂಜಿಯೋಪ್ಲಾಸ್ಟಿ ಸಿಕ್ಕಿದ್ದು ನೂರಕ್ಕೆ ಎಂಟು ಜನರಿಗೆ. ಅದಾದ ಮೇಲೆ ಜಯದೇವದಂಥ ಸರ್ಕಾರಿ ಸಂಸ್ಥೆಗಳು ಬಹಳ ಬೆಳೆದಿವೆ, ನಿಜ. ಆದರೆ 2021ರ ಅಕ್ಟೋಬರಿನಲ್ಲಿ 46 ವರ್ಷದ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಆರೋಗ್ಯವಂತ ಯುವಕರು ಹೃದಯ ತಪಾಸಣೆಗೆಂದು ಜಯದೇವದ ಮುಂದೆ ಸಾಲುಗಟ್ಟಿದ ಸುದ್ದಿ ಓದಿದಾಗ, ಮೂರು ದಿನದ ಎದೆಯುರಿಯನ್ನು ಜೀರಿಗೆ ನೀರಿನಲ್ಲಿ ಕಳೆಯುವ ನಮ್ಮ ಹಿರಿಯರು ಆ ಸಾಲಿನಲ್ಲಿ ಎಷ್ಟು ಜನ ಇದ್ದಾರೋ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಭಾವನನ್ನು ಪರೀಕ್ಷೆಗೆ ಸಿದ್ಧಪಡಿಸಿದರು. ನರ್ಸ್ ಒಂದು ಪಟ್ಟಿ ಹಿಡಿದು ಬಂದಳು. ಭಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಫೋನಿನಲ್ಲಿ ಕನ್ನಡ ದುಭಾಷಿಯನ್ನು ಕರೆಸಲೇ ಎಂದು ಅವಳು ಕೇಳಿದಾಗ ನಾನಿದ್ದೇನಲ್ಲ ಎಂದೆ. ಆಸ್ತಮಾ ಇದೆಯೇ? ಇಲ್ಲ. ಹನ್ನೆರಡು ಗಂಟೆಯೊಳಗೆ ಕಾಫಿ, ಟೀ ಕುಡಿದಿದ್ದೀರಾ? ಇಲ್ಲ, ಅದೇ ದೊಡ್ಡ ಶಿಕ್ಷೆ ಎಂದರು ಭಾವ. ಕಾಫಿಯ ಕೆಫೀನ್ ಈ ಔಷಧವನ್ನು ತಡೆಯುತ್ತದೆ. ಆಸ್ಪತ್ರೆಗೆ ಬಂದ ಮೇಲೆ ಎದೆಯಲ್ಲಿ ನೋವು, ಒತ್ತಡ, ಏನಾದರೂ? "ಏನೂ ಇಲ್ಲ" ಎಂದರು ಭಾವ, ತಟ್ಟನೆ. ಅವರಿಗೆ ಬೇಗ ಮನೆಗೆ ಹೋಗಬೇಕಿತ್ತು.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿಯೂ ಆಗಿತ್ತು. ಹಿಂದೆ ನಿಂತಿದ್ದ ಅಕ್ಕ ಮೆಲ್ಲಗೆ ಅಂದಳು: "ನಿನ್ನೆ ರಾತ್ರಿ ಎದೆ ಮೇಲೆ ಯಾರೋ ಕೂತ ಹಾಗಾಯ್ತು ಅಂದ್ರಲ್ಲ ರೀ."

"ಅದು ನೋವಲ್ಲ ಕಣೇ, ಸುಮ್ನೆ ಹಿಡಿದ ಹಾಗೆ. ಐದು ನಿಮಿಷ."

ನರ್ಸ್ ನಮ್ಮ ಮುಖಗಳನ್ನು ನೋಡಿದಳು. ಏನೆಂದರು ಎಂದು ಕೇಳಿದಳು. ಒಂದು ಕ್ಷಣ ನಾನು ತಡೆದೆ; ಹಿಂದಿನ ರಾತ್ರಿ ಹತ್ತು ಸಾವಿರಕ್ಕೆ ಮೂರು ಎಂದು ಧೈರ್ಯ ಹೇಳಿದವನು ನಾನೇ. ಆಮೇಲೆ ಅಕ್ಕನ ಮಾತನ್ನು ಇದ್ದಂತೆ ಹೇಳಿದೆ. ಅವಳು ಪಟ್ಟಿ ಮಡಚಿ ವೈದ್ಯರನ್ನು ಕರೆದಳು. ಪರೀಕ್ಷೆ ನಿಂತಿತು. ಹೊಸ ಇಸಿಜಿ ತೆಗೆದರು, ರಕ್ತ ಮತ್ತೆ ಮತ್ತೆ ಪರೀಕ್ಷಿಸಿದರು, ಔಷಧ ಬದಲಿಸಿದರು. ಹೊಸ ಆಘಾತದ ಗುರುತು ಸಿಗಲಿಲ್ಲ. ನೋವಿಲ್ಲದೆ ಎರಡು ದಿನ ಪೂರ್ತಿ ಕಳೆದ ಮೇಲೆ, ಶನಿವಾರ, ಪರೀಕ್ಷೆ ಮಾಡಿದರು. ಅಂದಿನ ಪ್ರಶ್ನೆಗಳಿಗೆ ಫೋನಿನ ದುಭಾಷಿಯೇ ಬಂದರು. ನಾನು ಹೊರಗೆ ಕುಳಿತಿದ್ದೆ.

ಚುಚ್ಚುಮದ್ದು ಹತ್ತು ಸೆಕೆಂಡಿನದು. ಚಿತ್ರದಲ್ಲಿ ಹೃದಯದ ಕೆಳಗೋಡೆಯಲ್ಲಿ ಒಂದು ಕಲೆ ಕಂಡಿತು, ಎರಡು ಚಿತ್ರದಲ್ಲೂ ಹಾಗೇ. ಹಸಿದ ಸ್ನಾಯು ಹೆಚ್ಚು ಇರಲಿಲ್ಲ. ಆಂಜಿಯೋಗ್ರಾಂ ಬೇಡ, ಮಾತ್ರೆ ಸಾಕು ಎಂದರು ವೈದ್ಯರು. ಡಿಸೆಂಬರಿನ ಹೊತ್ತಿಗೆ ಭಾವ ಲಿಟ್ಲ್ ಬೆನೆಟ್ ಪಾರ್ಕಿನ ದಾರಿಯಲ್ಲಿ ನನಗಿಂತ ಮುಂದೆ ನಡೆಯುತ್ತಿದ್ದರು, ಅಕ್ಕ ಹಿಂದಿನಿಂದ ನಿಧಾನ ಎಂದು ಕೂಗುತ್ತಿದ್ದಳು.

ಅಂದು ಶನಿವಾರ ಮಾತ್ರ ಔಷಧದಿಂದ ಅವರಿಗೆ ತಲೆ ಸಿಡಿಯುತ್ತಿತ್ತು. ಅದಕ್ಕೆ ಮದ್ದು ಕೆಫೀನೇ ಎಂದು ನರ್ಸ್ ಯಂತ್ರದ ಕಾಫಿ ತಂದುಕೊಟ್ಟಳು. ಒಂದು ಗುಟುಕು ಕುಡಿದು ಲೋಟವನ್ನು ದೂರ ಹಿಡಿದು ನೋಡಿದ ಭಾವ, "ಪರೀಕ್ಷೆ ಮುಗಿದಿಲ್ಲವೇನೋ ಇನ್ನೂ?" ಎಂದರು.